ಸ್ಕಿಲ್‌ಗೆ ಮಿತಿ ಎಲ್ಲಿ ಹಾಕಬೇಕು? ಟೇಬಲ್‌ಟಾಪ್ ಫ್ಯಾಂಟಸಿ ಆಟ ನಡೆಸುವವರಿಗೆ ಲೆಕ್ಕ ಸಮೇತ ಮಾರ್ಗದರ್ಶಿ

ಆಟ ಶುರುವಾಗಿ ಕೆಲವು ತಿಂಗಳಾದ ಮೇಲೆ ಬಹಳಷ್ಟು ಟೇಬಲ್‌ಗಳಲ್ಲಿ ಒಂದೇ ತಕರಾರು ಎದ್ದೇಳುತ್ತದೆ. ಬೀಗ ಕಂಡರೆ ಎಲ್ಲರ ಕಣ್ಣೂ ರೋಗ್ (ಕಳ್ಳನ ಪಾತ್ರ) ಕಡೆ. ದಾಳ ಉರುಳುವ ಮೊದಲೇ ಬಾಗಿಲು ತೆರೆದ ಹಾಗೆ. ರಾಜನ ಆಸ್ಥಾನಕ್ಕೆ ಹೋದರೆ ಬಾರ್ಡ್ (ಹಾಡುಗಾರನ ಪಾತ್ರ) ಒಬ್ಬರೇ ಮಾತಾಡಬೇಕು, ಉಳಿದವರು ಬಾಯಿ ಬಿಟ್ಟರೆ ಕೆಲಸ ಕೆಡುತ್ತದೆ ಎಂದು ಸುಮ್ಮನಿರುತ್ತಾರೆ. ಇದನ್ನು ನೋಡಿ ಬೇಸತ್ತ ಗೇಮ್ ಮಾಸ್ಟರ್ (ಆಟ ನಡೆಸುವವರು), ಇನ್ನು ಮುಂದೆ ಯಾವ ಸ್ಕಿಲ್ಲೂ, ಅಂದರೆ ದಾಳದ ಸಂಖ್ಯೆಗೆ ಕೂಡಿಸುವ ಕೌಶಲದ ಬೋನಸ್ಸೂ, +10 ದಾಟುವಂತಿಲ್ಲ ಎಂದು ಫರ್ಮಾನು ಹೊರಡಿಸುತ್ತಾರೆ. ರೋಗ್ ಆಡುವವರಿಗೆ ಕೋಪ ಬರುತ್ತದೆ. ಫೈಟರ್ (ಯೋಧ) ಆಡುವವರಿಗೆ ನಯಾಪೈಸೆ ಲಾಭವಿಲ್ಲ, ಅವರ ಸ್ಟೆಲ್ತ್ (ಸದ್ದಿಲ್ಲದೆ ನುಸುಳುವ ಸ್ಕಿಲ್) ಇನ್ನೂ −1ರಲ್ಲೇ ಇದೆ.

ಕಾಯಬೇಕಾದದ್ದು ಮೇಲಿನ ಸಂಖ್ಯೆಯನ್ನಲ್ಲ. ಒಂದೇ ಸ್ಕಿಲ್‌ನಲ್ಲಿ ತಂಡದ ಅತಿ ಬಲ್ಲವರಿಗೂ ಏನೂ ಬಾರದವರಿಗೂ ನಡುವೆ ಇರುವ ಅಂತರವನ್ನು ಕಾಯಬೇಕು. ಆ ಅಂತರ ದಾಳದ ಅಗಲವನ್ನೇ ನುಂಗಿದರೆ ಯಾವ ಮಿತಿ ಹಾಕಿದರೂ ವ್ಯರ್ಥ. ಇಲ್ಲಿ ಹೆಚ್ಚಿನ ಉದಾಹರಣೆಗಳು ಡಂಜನ್ಸ್ ಅಂಡ್ ಡ್ರಾಗನ್ಸ್ ಐದನೇ ಆವೃತ್ತಿಯವು, ಹೆಚ್ಚು ಜನಕ್ಕೆ ಗೊತ್ತಿರುವ ನಿಯಮಗಳು ಅವೇ ಎಂಬ ಕಾರಣಕ್ಕೆ. ಬೇಕಾದ ಕಡೆ ಬೇರೆ ಆಟಗಳನ್ನೂ ಎಳೆದು ತಂದಿದ್ದೇವೆ.

ಮೊದಲು ದಾಳದ ಗುಣ

ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಮುಖಕ್ಕೂ ಸಮಾನ ಅವಕಾಶ. ಹಾಗಾಗಿ +1 ಬೋನಸ್ ಎಂದರೆ ಯಾವಾಗಲೂ ಶೇ. 5. ಗೆಲ್ಲುವ ಅವಕಾಶದ ಲೆಕ್ಕ ಸುಲಭ: 21ಕ್ಕೆ ಬೋನಸ್ ಕೂಡಿಸಿ, ಡಿಸಿ ಕಳೆಯಿರಿ, ಬಂದದ್ದನ್ನು 5ರಿಂದ ಗುಣಿಸಿ. (ಇಲ್ಲಿ ಡಿಸಿ ಎಂದರೆ ಗೆಲ್ಲಲು ದಾಳವೂ ಬೋನಸ್ಸೂ ಸೇರಿ ಮುಟ್ಟಬೇಕಾದ ಸಂಖ್ಯೆ, ಜಿಲ್ಲಾಧಿಕಾರಿಯಲ್ಲ.) +7 ಇರುವವರಿಗೆ ಡಿಸಿ 15 ಎಂದರೆ 13 ಗುಣಿಸು 5, ಅಂದರೆ ಶೇ. 65.

ಮೂರು ಆರು ಮುಖದ ದಾಳ ಉರುಳಿಸಿ, ಸ್ಕಿಲ್ ಸಂಖ್ಯೆಯಷ್ಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ಗೆಲುವು ಎನ್ನುವ ಗರ್ಪ್ಸ್ ತರಹದ ಆಟದಲ್ಲಿ ಲೆಕ್ಕ ಬೇರೆ. ಚೌಕಾಬಾರ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕು ಕವಡೆ ಎಸೆದರೆ ಎರಡು ಮತ್ತೆ ಮತ್ತೆ ಬೀಳುತ್ತದೆ, ಚೌಕವೂ ಬಾರವೂ ಅಪರೂಪ. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ 16ರಲ್ಲಿ 6 ಸಲ ಎರಡು, 1 ಸಲ ನಾಲ್ಕು, 1 ಸಲ ಎಂಟು. ಮೂರು ದಾಳವೂ ಹೀಗೆ ನಡುವಿನ ಕಡೆಗೇ ವಾಲುತ್ತದೆ. ಸ್ಕಿಲ್ 10 ಇದ್ದರೆ ಗೆಲುವು ಶೇ. 50, 12ಕ್ಕೆ ಶೇ. 74, 14ಕ್ಕೆ ಶೇ. 91, 16ಕ್ಕೆ ಶೇ. 98. ಅಂದರೆ 10ರಿಂದ 12ಕ್ಕೆ ಏರಿದವರಿಗೆ ಸಿಕ್ಕಿದ್ದು 24 ಅಂಶ, 14ರಿಂದ 16ಕ್ಕೆ ಏರಿದವರಿಗೆ 7 ಮಾತ್ರ. ಇಂಥ ಆಟದಲ್ಲಿ ಮೇಲ್ಮಿತಿಯನ್ನು ದಾಳವೇ ಹಾಕಿಬಿಟ್ಟಿದೆ. ಅದರ ಮೇಲೆ ಇನ್ನೊಂದು ಮಿತಿ ಹೇರುವ ಮೊದಲು ಎರಡು ಸಲ ಯೋಚಿಸಿ.

ಹೆಜ್ಜೆ 1: ಅಂತರದ ಪಟ್ಟಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಸ್ಕಿಲ್‌ಗಳು, ಮೇಲೆ ಪಾತ್ರಗಳ ಹೆಸರು. ಎಲ್ಲರ ಬೋನಸ್ ತುಂಬಿ, ಬಲತುದಿಯ ಕಾಲಮ್ಮಿನಲ್ಲಿ ಪ್ರತಿ ಸ್ಕಿಲ್ಲಿನ ಗರಿಷ್ಠದಿಂದ ಕನಿಷ್ಠ ಕಳೆದು ಬರೆಯಿರಿ. ಎಲ್ಲ ಸ್ಕಿಲ್ಲೂ ಬೇಕಿಲ್ಲ. ನಿಮ್ಮ ಆಟದಲ್ಲಿ ವಾರವಾರವೂ ದಾಳ ಬೀಳುವ ಆರೇಳು ಸಾಕು.

ಡಿ20 (ಇಪ್ಪತ್ತು ಮುಖದ ದಾಳದ) ಆಟಕ್ಕೆ ಕೆಲಸಕ್ಕೆ ಬರುವ ಅಳತೆ ಹೀಗಿದೆ. ಅಂತರ 6ರ ಒಳಗಿದ್ದರೆ ಮುಟ್ಟಬೇಡಿ. 7ರಿಂದ 11 ಇದ್ದರೆ ಆ ಸ್ಕಿಲ್‌ಗೆ ಒಬ್ಬ ನಿಪುಣರಿದ್ದಾರೆ ಎಂದರ್ಥ, ಅದು ಇರಬೇಕಾದದ್ದೇ. 12 ದಾಟಿದರೆ ಉಳಿದವರು ದಾಳ ಕೈಗೆತ್ತಿಕೊಳ್ಳುವುದನ್ನು ಬಿಟ್ಟುಬಿಡುತ್ತಾರೆ. 20 ಮುಟ್ಟಿದರೆ ಗಣಿತವೇ ಕೈಚೆಲ್ಲುತ್ತದೆ: ಇಬ್ಬರಿಗೂ ಸೋಲು ಗೆಲುವು ಎರಡೂ ಸಾಧ್ಯವಿರುವ ಡಿಸಿ ಒಂದೂ ಉಳಿಯುವುದಿಲ್ಲ.

ಕೊನೆಯದು ಉತ್ಪ್ರೇಕ್ಷೆಯಲ್ಲ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಮೂರೂವರೆ (3.5) ಆವೃತ್ತಿಯಲ್ಲಿ ಕಲಿಕೆಯಿಂದ ಬರುವ ಸ್ಕಿಲ್ ರ‍್ಯಾಂಕ್‌ಗೆ ಮಿತಿ ಇತ್ತು, ಪಾತ್ರದ ಲೆವೆಲ್ ಮತ್ತು 3 ಕೂಡಿದಷ್ಟು. ತನ್ನ ವರ್ಗದ್ದಲ್ಲದ (ರೋಗ್, ಬಾರ್ಡ್, ಫೈಟರ್ ಇವು ವರ್ಗಗಳು) ಸ್ಕಿಲ್‌ಗೆ ಅದರ ಅರ್ಧ. ನೋಡಲು ಬಿಗಿಯಾದ ನಿಯಮವೇ. ಆದರೆ 10ನೇ ಲೆವೆಲ್‌ಗೆ ರ‍್ಯಾಂಕ್ 13, ಗುಣದಿಂದ (ಶಕ್ತಿ, ಚುರುಕು ಮುಂತಾದವು) 5, ಸ್ಕಿಲ್ ಫೋಕಸ್ ಎಂಬ ವಿಶೇಷ ಸಾಮರ್ಥ್ಯದಿಂದ 3, ಸಿನರ್ಜಿಯಿಂದ (ನಂಟಿರುವ ಇನ್ನೊಂದು ಸ್ಕಿಲ್ಲಿನ ನೆರವು) 2, ಮಾಯಾವಸ್ತುವಿನಿಂದ 5 ಸೇರಿದರೆ +28. ಪಕ್ಕದಲ್ಲಿ ಕೂತವರದು +0. ಅವರಿಗೆ ಸಾಧ್ಯವಾಗುವ ಅತಿ ಕಷ್ಟದ ಕೆಲಸ ಡಿಸಿ 20. ಅದು ಇವರಿಗೆ 1 ಬಿದ್ದರೂ ಆಗುತ್ತದೆ. ರ‍್ಯಾಂಕ್‌ಗೆ ಬೇಲಿ ಹಾಕಿ ಉಳಿದ ನಾಲ್ಕು ದಿಕ್ಕೂ ತೆರೆದಿಟ್ಟರೆ ಆಗುವುದು ಇದೇ.

ಹೆಜ್ಜೆ 2: ಬೋನಸ್ ಎಲ್ಲಿಂದ ಬರುತ್ತಿದೆ?

ಅಂತರ 12 ದಾಟಿದ ಪ್ರತಿ ಸ್ಕಿಲ್‌ಗೂ ಬೋನಸ್‌ನ ಮೂಲಗಳನ್ನು ಬಿಡಿಸಿ ಬರೆಯಿರಿ. ಐದನೇ ಆವೃತ್ತಿಯಲ್ಲಿ ಗುಣದ ಅಂಕಕ್ಕೆ ಸಾಮಾನ್ಯ ಮಿತಿ 20, ಅಂದರೆ +5. ಪ್ರೊಫಿಷಿಯನ್ಸಿ (ಕಲಿತ ಸ್ಕಿಲ್ಲಿಗೆ ಸಿಗುವ ಬೋನಸ್) 1ರಿಂದ 4ನೇ ಲೆವೆಲ್‌ವರೆಗೆ +2, ಆಮೇಲೆ ನಾಲ್ಕು ಲೆವೆಲ್‌ಗೆ ಒಂದರಂತೆ ಏರಿ 17ಕ್ಕೆ +6. ಇವೆರಡೇ ಇದ್ದರೆ ಗರಿಷ್ಠ +11, ಆಟ ಚೆನ್ನಾಗಿ ನಡೆಯುತ್ತದೆ. ಎಡವಟ್ಟು ಶುರುವಾಗುವುದು ಎಕ್ಸ್‌ಪರ್ಟೀಸ್‌ನಿಂದ, ಯಾಕೆಂದರೆ ಅದು ಪ್ರೊಫಿಷಿಯನ್ಸಿಯನ್ನು ದ್ವಿಗುಣಗೊಳಿಸುತ್ತದೆ. 1ನೇ ಲೆವೆಲ್‌ನ ರೋಗ್‌ಗೆ ಗುಣದ 3 ಮತ್ತು ದ್ವಿಗುಣವಾದ ಪ್ರೊಫಿಷಿಯನ್ಸಿಯ 4 ಸೇರಿ +7. 11ಕ್ಕೆ 5 ಮತ್ತು 8 ಸೇರಿ +13. 17ಕ್ಕೆ +17.

ಇದರ ಮೇಲೆ ರೋಗ್ ವರ್ಗಕ್ಕೆ ಸಿಗುವ ರಿಲಯಬಲ್ ಟ್ಯಾಲೆಂಟ್ ಎಂಬ ಸಾಮರ್ಥ್ಯ. ದಾಳದಲ್ಲಿ 9 ಅಥವಾ ಕಡಿಮೆ ಬಿದ್ದರೂ 10 ಎಂದೇ ಲೆಕ್ಕ. 2014ರ ನಿಯಮದಲ್ಲಿ ಇದು ಸಿಗುತ್ತಿದ್ದದ್ದು 11ನೇ ಲೆವೆಲ್‌ಗೆ, 2024ರ ಪರಿಷ್ಕರಣೆಯಲ್ಲಿ 7ಕ್ಕೇ. 11ನೇ ಲೆವೆಲ್‌ನ ರೋಗ್‌ನ ಸ್ಟೆಲ್ತ್ 23ಕ್ಕಿಂತ ಕೆಳಗೆ ಬೀಳುವುದೇ ಇಲ್ಲ.

ಈ ಪಟ್ಟಿ ಮಾಡುವಾಗ ಒಂದು ತಪ್ಪು ಬಹಳ ಜನ ಮಾಡುತ್ತಾರೆ: ಸ್ಟೆಲ್ತ್ ಹೆಚ್ಚಿಸುವ ಪಾಸ್ ವಿದೌಟ್ ಟ್ರೇಸ್ ಮಂತ್ರವನ್ನು ಕಂಡು ಹೆದರುವುದು. +10 ಎಂದರೆ ಭಯ ಸಹಜ. ಆದರೆ ಅದು ಹತ್ತಿರವಿರುವ ಇಡೀ ತಂಡಕ್ಕೆ ಸಿಗುವ +10. ಅಂತರ ಒಂದಂಗುಲವೂ ಬೆಳೆಯುವುದಿಲ್ಲ. ಬದಲಿಗೆ ಕಬ್ಬಿಣದ ಅಂಗಿ ತೊಟ್ಟವರೂ ಒಂದು ಗಂಟೆ ಕಾಲ ಕಳ್ಳಹೆಜ್ಜೆ ಇಡಬಹುದು. ಅದನ್ನು ನಿಷೇಧಿಸಬೇಡಿ. ನಿಷೇಧಿಸಿದರೆ ಮತ್ತೆ ರೋಗ್ ಒಬ್ಬರೇ ಮುಂದೆ ಹೋಗಿ, ಉಳಿದವರು ಅರ್ಧ ಗಂಟೆ ಮೊಬೈಲ್ ನೋಡುತ್ತಾ ಕೂರುತ್ತಾರೆ.

ಹೆಜ್ಜೆ 3: ಮಿತಿಯ ಬಗೆ ಆರಿಸಿ

ಮಿತಿಯಲ್ಲಿ ನಾಲ್ಕೈದು ಜಾತಿ ಇದೆ. ಒಂದೊಂದರ ರೋಗವೂ ಬೇರೆ.

ಲೆವೆಲ್‌ಗೆ ಕಟ್ಟಿದ ಮಿತಿ ಎಲ್ಲಕ್ಕಿಂತ ಪರಿಚಿತ. ಪಾತ್‌ಫೈಂಡರ್ ಎರಡನೇ ಆವೃತ್ತಿ ಇದನ್ನು ಅಚ್ಚುಕಟ್ಟಾಗಿ ಮಾಡಿದೆ: ಕಲಿಕೆಯ ದರ್ಜೆಗಳಲ್ಲಿ ಟ್ರೇನ್ಡ್ ಆದರೆ ಲೆವೆಲ್ ಜೊತೆ 2, ಎಕ್ಸ್‌ಪರ್ಟ್‌ಗೆ 4, ಮಾಸ್ಟರ್‌ಗೆ 6, ಲೆಜೆಂಡರಿಗೆ 8. ಮಾಸ್ಟರ್ ಆಗಲು 7ನೇ ಲೆವೆಲ್, ಲೆಜೆಂಡರಿಗೆ 15 ಬೇಕು. ಬೋನಸ್‌ಗಳಲ್ಲಿ ಮೂರೇ ಬಗೆ, ಒಂದೇ ಬಗೆಯವು ಎರಡಿದ್ದರೆ ದೊಡ್ಡದು ಮಾತ್ರ ಲೆಕ್ಕಕ್ಕೆ. ಹೀಗೆ ಮೇಲಿನ ಬೇಲಿ ಭದ್ರವಾಗಿದೆ. ಆದರೆ ಕಲಿಯದವರಿಗೆ ಲೆವೆಲ್ ಸೇರುವುದೇ ಇಲ್ಲ, ಸೊನ್ನೆ. 10ನೇ ಲೆವೆಲ್‌ನಲ್ಲಿ ಮಾಸ್ಟರ್‌ಗೂ ಕಲಿಯದವರಿಗೂ ನಡುವೆ ತರಬೇತಿಯ ಲೆಕ್ಕದಲ್ಲೇ 16 ಅಂತರ. ಇದನ್ನು ತುಂಬಲೆಂದೇ ಆ ಆಟದಲ್ಲಿ ಫಾಲೋ ದಿ ಎಕ್ಸ್‌ಪರ್ಟ್ ಎಂಬ ಉಪಾಯ ಇದೆ: ಬಲ್ಲವರ ಹಿಂದೆ ಹೆಜ್ಜೆ ಹಾಕಿದರೆ ಕಲಿಯದವರೂ ತಮ್ಮ ಲೆವೆಲ್ ಸೇರಿಸಿಕೊಳ್ಳಬಹುದು, ಜೊತೆಗೆ ಮುಂದಿರುವವರ ದರ್ಜೆಗೆ ತಕ್ಕಂತೆ +2ರಿಂದ +4. ಬಹಳ ಟೇಬಲ್‌ಗಳಲ್ಲಿ ಇದು ಇರುವುದೇ ಮರೆತುಹೋಗಿ, ಆಮೇಲೆ ನಿಯಮ ಸರಿಯಿಲ್ಲ ಎಂಬ ದೂರು ಬರುತ್ತದೆ.

ಬೆಲೆಯ ಮೂಲಕ ಹಾಕುವ ಮಿತಿ ಸ್ವಲ್ಪ ಮೃದು. ಸ್ಯಾವೇಜ್ ವರ್ಲ್ಡ್ಸ್‌ನಲ್ಲಿ ಪ್ರತಿ ಸ್ಕಿಲ್ಲೂ ಒಂದು ಗುಣಕ್ಕೆ ಅಂಟಿಕೊಂಡಿರುತ್ತದೆ. ಸ್ಕಿಲ್ ಆ ಗುಣಕ್ಕಿಂತ ಕೆಳಗಿರುವವರೆಗೆ ಒಂದು ಬಡ್ತಿಗೆ ಎರಡು ಸ್ಕಿಲ್ ಏರಿಸಬಹುದು. ಗುಣವನ್ನು ಮುಟ್ಟಿದ ಮೇಲೆ ಒಂದೇ. ಏರಬೇಡಿ ಎಂದು ಯಾರೂ ಹೇಳುತ್ತಿಲ್ಲ, ಇನ್ನು ದುಬಾರಿ ಎನ್ನುತ್ತಾರೆ ಅಷ್ಟೆ. ಗರ್ಪ್ಸ್‌ನಲ್ಲೂ ಒಂದು ಸ್ಕಿಲ್‌ಗೆ ಮೊದಲ ನಾಲ್ಕು ಮೆಟ್ಟಿಲಲ್ಲಿ ಒಟ್ಟು 1, 2, 4, 8 ಪಾಯಿಂಟ್, ಅಲ್ಲಿಂದ ಮುಂದೆ ಪ್ರತಿ ಮೆಟ್ಟಿಲಿಗೂ ಇನ್ನೂ 4. ಸ್ವಂತ ನಿಯಮ ಬರೆಯುವವರು ಮೊದಲು ಪ್ರಯತ್ನಿಸಬೇಕಾದದ್ದು ಈ ಬಗೆಯನ್ನೇ ಎಂಬುದು ನಮ್ಮ ಅಭಿಪ್ರಾಯ. ಆಟಗಾರರ ಕೈ ಕಟ್ಟಿದ ಹಾಗಾಗುವುದಿಲ್ಲ.

ಮೂರನೆಯದು ತನ್ನಷ್ಟಕ್ಕೆ ನಿಧಾನವಾಗುವ ಬೆಳವಣಿಗೆ. ಬೇಸಿಕ್ ರೋಲ್-ಪ್ಲೇಯಿಂಗ್ ನಿಯಮದಲ್ಲಿ ಸ್ಕಿಲ್ ಶೇಕಡಾವಾರು. ಆಟದಲ್ಲಿ ಸ್ಕಿಲ್ ಬಳಸಿ ಗೆದ್ದರೆ ಅದರ ಮುಂದೆ ಒಂದು ಟಿಕ್. ನಂತರ ನೂರರ ದಾಳ ಉರುಳಿಸಿ, ಸ್ಕಿಲ್‌ಗಿಂತ ಹೆಚ್ಚು ಬಿದ್ದರೆ ಮಾತ್ರ ಒಂದು ಆರು ಮುಖದ ದಾಳದಷ್ಟು ಏರಿಕೆ. ಶೇ. 40 ಇದ್ದವರು ಒಂದು ಟಿಕ್‌ಗೆ ಸರಾಸರಿ 2.1 ಏರುತ್ತಾರೆ, ಶೇ. 90 ಇದ್ದವರು 0.35. ಲೆಕ್ಕ ಹಾಕಿದರೆ 40ರಿಂದ 60ಕ್ಕೆ ಸುಮಾರು 12 ಟಿಕ್ ಸಾಕು, 70ರಿಂದ 90ಕ್ಕೆ ಸುಮಾರು 31 ಬೇಕು. ಬಲ್ಲವರು ಮೇಲೆ ಏದುಸಿರು ಬಿಡುವಾಗ ಹಿಂದಿದ್ದವರು ಹತ್ತಿರ ಬರುತ್ತಾರೆ. ಇದರಷ್ಟು ಸೊಗಸಾದ ಮಿತಿ ಇನ್ನೊಂದಿಲ್ಲ. ಕೆಡುವುದು ಒಂದೇ ಕಡೆ, ಟಿಕ್ ಬೇಟೆಯಲ್ಲಿ. ಒಂದು ಏಟಿಗೆ ಕತ್ತಿ, ಮುಂದಿನದಕ್ಕೆ ಈಟಿ, ಅದಾದ ಮೇಲೆ ಗದೆ ಎಂದು ಆಯುಧ ಬದಲಿಸುತ್ತಾ ಹೋಗುವ ಆಟಗಾರರು ಹುಟ್ಟಿಕೊಳ್ಳುತ್ತಾರೆ. ಒಂದು ಅಧಿವೇಶನಕ್ಕೆ (ಒಂದು ಸಲ ಕೂತು ಆಡುವ ಆಟಕ್ಕೆ) ಒಬ್ಬರಿಗೆ ಗರಿಷ್ಠ 4 ಟಿಕ್, ಅದೂ ಸೋತರೆ ನಷ್ಟವಿರುವ ಸಂದರ್ಭದಲ್ಲಿ ಗೆದ್ದಿದ್ದಕ್ಕೆ ಮಾತ್ರ ಎಂದು ಕಟ್ಟುನಿಟ್ಟು ಮಾಡಿದರೆ ಬೇಟೆ ನಿಲ್ಲುತ್ತದೆ.

ಫೇಟ್ ಕೋರ್‌ನ ಗೋಪುರ ಇನ್ನೊಂದು ದಾರಿ: +4ರಲ್ಲಿ ಒಂದು ಸ್ಕಿಲ್, +3ರಲ್ಲಿ ಎರಡು, +2ರಲ್ಲಿ ಮೂರು, +1ರಲ್ಲಿ ನಾಲ್ಕು. ಮುಂದೆ ಬೆಳೆಯುವಾಗಲೂ ಯಾವ ಅಂತಸ್ತೂ ತನ್ನ ಕೆಳಗಿನದಕ್ಕಿಂತ ಅಗಲವಾಗುವಂತಿಲ್ಲ. ಎತ್ತರ ಬೇಕೆಂದರೆ ಮೊದಲು ತಳ ಹರಡಬೇಕು. ಎಲ್ಲವನ್ನೂ ಒಂದೇ ಸ್ಕಿಲ್‌ಗೆ ಸುರಿಯುವ ಚಟ ಇದ್ದ ತಂಡಕ್ಕೆ ಒಳ್ಳೆಯ ಮದ್ದು.

ಇನ್ನು ಬೇಡವೇ ಬೇಡದ ಜಾತಿ: ಇಂದು ಲಾಭ ಕೊಟ್ಟು ಮುಂದೆಂದೋ ಬೆಲೆ ವಸೂಲಿ ಮಾಡುವ ಮಿತಿ. ಹಳೆಯ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಎಲ್ಫ್, ಡ್ವಾರ್ಫ್ ಮುಂತಾದ ಮನುಷ್ಯರಲ್ಲದ ಪಾತ್ರಗಳಿಗೆ ಮೊದಲ ದಿನದಿಂದಲೇ ವಿಶೇಷ ಶಕ್ತಿಗಳಿದ್ದವು. ಅದಕ್ಕೆ ಬದಲಾಗಿ ಅನೇಕ ವರ್ಗಗಳಲ್ಲಿ ಅವರು ಇಂತಿಷ್ಟು ಲೆವೆಲ್ ದಾಟುವಂತಿರಲಿಲ್ಲ. ಆಟ ಆ ಲೆವೆಲ್ ಮುಟ್ಟುವ ಮೊದಲೇ ನಿಂತರೆ ಲಾಭವಷ್ಟೇ ಅವರದು. ಮುಟ್ಟಿದರೆ, ಉಳಿದವರು ಬೆಳೆಯುವುದನ್ನು ನೋಡುತ್ತಾ ಕೂರಬೇಕು. ಎರಡರಲ್ಲಿ ಯಾವುದೂ ಸಮತೋಲನವಲ್ಲ. 2000ರ ಮೂರನೇ ಆವೃತ್ತಿ ಅದನ್ನು ಕಿತ್ತುಹಾಕಿತು. ಮಿತಿಯ ಲಾಭವೂ ನಷ್ಟವೂ ಒಂದೇ ಸಂಜೆಯ ಆಟದಲ್ಲಿ ಕಾಣಬೇಕು.

ಹೆಜ್ಜೆ 4: ಡಿಸಿಯನ್ನು ಲೆವೆಲ್ ಜೊತೆ ಏರಿಸಬೇಡಿ

ಮಿತಿ ಹಾಕಲು ಮನಸ್ಸಿಲ್ಲದ ಗೇಮ್ ಮಾಸ್ಟರ್ ಹಿಡಿಯುವ ಅಡ್ಡದಾರಿ ಇದು. ರೋಗ್ ಬಲವಾದಂತೆ ಬೀಗಗಳೂ ಬಲವಾಗುತ್ತವೆ. 1ನೇ ಲೆವೆಲ್‌ನಲ್ಲಿ +7ಕ್ಕೆ ಡಿಸಿ 15 ಶೇ. 65 ಇತ್ತು. 11ನೇ ಲೆವೆಲ್‌ನಲ್ಲಿ +13ಕ್ಕೆ ಅದೇ ಶೇ. 65 ಉಳಿಯಲಿ ಎಂದು ಡಿಸಿ 21 ಇಟ್ಟರೆ, ಆ ಸ್ಕಿಲ್‌ನಲ್ಲಿ ಮೊದಲಿಂದಲೂ +2ರಲ್ಲೇ ಇರುವ ವಿಝರ್ಡ್ (ಮಂತ್ರವಾದಿ) ಶೇ. 40ರಿಂದ ಶೇ. 10ಕ್ಕೆ ಕುಸಿದರು. ಬಲ್ಲವರಿಗೆ ಬೆಳೆದದ್ದು ಗೊತ್ತಾಗಲಿಲ್ಲ, ಬಾರದವರಿಗೆ ಇದ್ದದ್ದೂ ಹೋಯಿತು.

ಬೀಗ ಯಾರ ಮನೆಯದೋ ಅದರ ಮೇಲೆ ಡಿಸಿ ನಿಲ್ಲಬೇಕು. ಐದನೇ ಆವೃತ್ತಿಯ ಪುಸ್ತಕದಲ್ಲಿ ಡಿಸಿಯ ಮೆಟ್ಟಿಲು 5, 10, 15, 20, 25, 30. ಹಳ್ಳಿಯ ಉಗ್ರಾಣಕ್ಕೆ 10, ಸಾಹುಕಾರರ ತಿಜೋರಿಗೆ 15, ಅರಮನೆಯ ಖಜಾನೆಗೆ 20 ಎಂದು ಬರೆದಿಟ್ಟು, 15ನೇ ಲೆವೆಲ್‌ಗೆ ಬಂದರೂ ಉಗ್ರಾಣ 10ರಲ್ಲೇ ಇರಲಿ. ನಿಪುಣರು ದಾಳ ಮುಟ್ಟದೆಯೇ ತೆರೆಯಲಿ, ಆ ಸುಖವನ್ನು ಅವರು ಸಂಪಾದಿಸಿದ್ದಾರೆ.

ಹೆಜ್ಜೆ 5: ತಲೆ ತಗ್ಗಿಸುವ ಬದಲು ತಳ ಎತ್ತಿ

ಅಂತರ ಕಡಿಮೆ ಮಾಡಲು ಎರಡು ತುದಿಗಳಿವೆ. ಮೇಲಿನದನ್ನು ಕತ್ತರಿಸಿದರೆ ಜಗಳ, ಕೆಳಗಿನದನ್ನು ಎತ್ತಿದರೆ ಯಾರೂ ಗೊಣಗುವುದಿಲ್ಲ.

ಗುಂಪಿನ ಪರೀಕ್ಷೆ ಇದರಲ್ಲಿ ಮೊದಲನೆಯದು. ನಾಲ್ವರ ಸ್ಟೆಲ್ತ್ +7, +3, +3, −1 ಇದೆ, ಡಿಸಿ 15. ಎಲ್ಲರೂ ಗೆಲ್ಲಲೇಬೇಕು ಎಂದರೆ ತಂಡದ ಅವಕಾಶ ಶೇ. 3 ಚಿಲ್ಲರೆ. ಅರ್ಧದಷ್ಟು ಜನ ಗೆದ್ದರೆ ತಂಡ ಗೆದ್ದಂತೆ ಎಂಬ ಐದನೇ ಆವೃತ್ತಿಯ ನಿಯಮ ಹಿಡಿದರೆ ಅದೇ ನಾಲ್ವರಿಗೆ ಸುಮಾರು ಶೇ. 62. ಸ್ಟೆಲ್ತ್‌ಗೆ ಮಿತಿ ಬೇಕು ಎನ್ನುವ ಅನೇಕ ಟೇಬಲ್‌ಗಳಿಗೆ ನಿಜಕ್ಕೂ ಬೇಕಿದ್ದದ್ದು ಈ ಒಂದು ಸಾಲು.

ಇದರ ತಿರುವುಮುರುವು ಸಮಸ್ಯೆಯೂ ಇದೆ. ಶಾಸನ ಓದಲು ಒಬ್ಬರು ಸೋತ ಕೂಡಲೇ ಪಕ್ಕದವರು, ಅವರಾದ ಮೇಲೆ ಇನ್ನೊಬ್ಬರು ಎಂದು ಸಾಲುಗಟ್ಟುವುದು. ಒಬ್ಬೊಬ್ಬರದು ಶೇ. 25 ಆದರೂ ನಾಲ್ವರು ಉರುಳಿಸಿದರೆ ಯಾರಾದರೂ ಒಬ್ಬರು ಗೆಲ್ಲುವ ಅವಕಾಶ ಶೇ. 68. ಆ ಸ್ಕಿಲ್‌ಗೆ ಪಾಯಿಂಟ್ ಸುರಿದವರ ಶೇ. 65ಕ್ಕಿಂತ ಹೆಚ್ಚು! ಇಲ್ಲಿ ಮಿತಿ ಬೇಕಿರುವುದು ಪ್ರಯತ್ನಗಳ ಎಣಿಕೆಗೆ. ಒಂದು ಅಡ್ಡಿಗೆ ತಂಡದಿಂದ ಒಂದೇ ದಾಳ, ಉಳಿದವರು ನೆರವಾಗಬಹುದು ಎಂದು ಮಾಡಿ. ನೆರವಿದ್ದರೆ ಅಡ್ವಾಂಟೇಜ್, ಅಂದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು. +7 ಇದ್ದವರಿಗೆ ಡಿಸಿ 15 ಆಗ ಸುಮಾರು ಶೇ. 88.

ಸ್ವಂತ ನಿಯಮಕ್ಕೆ ಒಂದು ಮಾದರಿ

ಡಿ20, 1ರಿಂದ 10ನೇ ಲೆವೆಲ್‌ವರೆಗಿನ ಆಟ ಎಂದುಕೊಳ್ಳಿ.

- ಗುಣ: −1ರಿಂದ +4.
- ತರಬೇತಿ: 1ರಿಂದ 3ನೇ ಲೆವೆಲ್‌ಗೆ +2, 4ರಿಂದ 7ಕ್ಕೆ +3, 8ರಿಂದ 10ಕ್ಕೆ +4.
- ಪ್ರಾವೀಣ್ಯ: +2 ಮಾತ್ರ, ದ್ವಿಗುಣ ಇಲ್ಲ. ಒಬ್ಬರಿಗೆ ಎರಡು ಸ್ಕಿಲ್.
- ಮಂತ್ರ, ವಸ್ತು, ಗೆಳೆಯರ ನೆರವು ಎಲ್ಲ ಸೇರಿ ಒಂದು ದಾಳಕ್ಕೆ +3ಕ್ಕಿಂತ ಹೆಚ್ಚಿಲ್ಲ.

10ನೇ ಲೆವೆಲ್‌ನಲ್ಲಿ ಅತಿ ಬಲ್ಲವರದು +10, ಅತಿ ಬಾರದವರದು −1, ಅಂತರ 11. ಡಿಸಿ 12ಕ್ಕೆ ಶೇ. 95 ಮತ್ತು ಶೇ. 40. ಡಿಸಿ 18ಕ್ಕೆ ಶೇ. 65 ಮತ್ತು ಶೇ. 10. ಡಿಸಿ 20ಕ್ಕೆ ಶೇ. 55 ಮತ್ತು ಸೊನ್ನೆ. ಹಾಗಾಗಿ ಎಲ್ಲರೂ ಕೈಹಾಕಬೇಕಾದ ಅಡ್ಡಿಗೆ 12ರಿಂದ 18, ನಿಪುಣರಿಗೇ ಮೀಸಲಿಟ್ಟದ್ದಕ್ಕೆ 20. ತಾತ್ಕಾಲಿಕ ನೆರವಿಗೆ ಹಾಕಿದ +3ರ ಬೇಲಿಯನ್ನು ಮಾತ್ರ ಸಡಿಲಿಸಬೇಡಿ. ಬರೆದ ನಿಯಮಗಳೆಲ್ಲ ಸೋರುವುದು ಅಲ್ಲೇ, ಹೊಸ ಮಾಯಾವಸ್ತು ಕೊಡುವ ಉದಾರತೆಯಲ್ಲಿ.

ನಡೆಯುತ್ತಿರುವ ಆಟಕ್ಕೆ ತರುವಾಗ

ಐದನೇ ಆವೃತ್ತಿಯ ಆಟ ನಡೆಸುತ್ತಿದ್ದರೆ ಎಲ್ಲವನ್ನೂ ಬದಲಿಸಬೇಕಿಲ್ಲ. ಎಕ್ಸ್‌ಪರ್ಟೀಸ್‌ನ ದ್ವಿಗುಣವನ್ನು ತೆಗೆದು, ಅದರ ಜಾಗದಲ್ಲಿ +2 ಇಡಿ. 1ರಿಂದ 4ನೇ ಲೆವೆಲ್‌ವರೆಗೆ ಒಂದಂಕಿಯೂ ಬದಲಾಗುವುದಿಲ್ಲ, ಆಗ ಪ್ರೊಫಿಷಿಯನ್ಸಿಯೇ +2. ವ್ಯತ್ಯಾಸ ಶುರುವಾಗುವುದು 5ರಿಂದ. 11ಕ್ಕೆ +13ರ ಬದಲು +11, 17ಕ್ಕೆ +17ರ ಬದಲು +13. ರೋಗ್ ಮತ್ತು ಬಾರ್ಡ್‌ಗೆ ನಷ್ಟದ ಬದಲಿಗೆ ಇನ್ನೊಂದು ಸ್ಕಿಲ್‌ನಲ್ಲಿ ಎಕ್ಸ್‌ಪರ್ಟೀಸ್ ಕೊಡಿ. ಎತ್ತರ ಹೋಗಿ ಅಗಲ ಬಂತು. ರಿಲಯಬಲ್ ಟ್ಯಾಲೆಂಟ್ ಮುಟ್ಟಬೇಡಿ. ಸಣ್ಣ ಕೆಲಸದಲ್ಲಿ ಎಡವದಿರುವುದೇ ಆ ವರ್ಗದ ಮರ್ಯಾದೆ, ಅದನ್ನು ಕಸಿದರೆ ರೋಗ್ ಆಡಲು ಕಾರಣವೇ ಉಳಿಯುವುದಿಲ್ಲ.

ಬದಲಾವಣೆಯನ್ನು ಆಟದ ನಡುವೆ ಹೇಳಬೇಡಿ. ಎರಡು ಅಧಿವೇಶನಗಳ ನಡುವೆ, ಅಂಕಿಗಳನ್ನು ತೋರಿಸಿ, ಹೆಜ್ಜೆ 1ರ ಹಾಳೆಯನ್ನೇ ಮೇಜಿನ ಮೇಲಿಟ್ಟು ಮಾತಾಡಿ. ಯಾರ ಪಾತ್ರದಿಂದ ಏನಾದರೂ ಕಡಿತವಾಗುತ್ತದೋ ಅವರು ಹಾಕಿದ ಪಾಯಿಂಟ್ ಅಷ್ಟನ್ನೂ ಹಿಂದಿರುಗಿಸಿ, ಬೇಕಾದ ಕಡೆ ಮತ್ತೆ ಹಾಕಿಕೊಳ್ಳಲು ಬಿಡಿ. ಮೂರು ಅಧಿವೇಶನ ಪ್ರಯೋಗಕ್ಕೆ ಎಂದು ಗಡುವು ಹಾಕಿ. ಆ ಮೂರರಲ್ಲಿ ಪ್ರತಿ ಸ್ಕಿಲ್‌ಗೂ ಯಾರು ಎಷ್ಟು ಸಲ ದಾಳ ಉರುಳಿಸಿದರು ಎಂದು ಗೆರೆ ಎಳೆಯುತ್ತಾ ಹೋಗಿ. ಗೆದ್ದರೋ ಸೋತರೋ ಬೇಡ, ಉರುಳಿಸಿದ ಸಲ ಮಾತ್ರ. ಮೂರನೆಯ ಸಂಜೆಯ ಕೊನೆಗೆ ಗೆರೆಗಳು ಇನ್ನೂ ಒಂದೇ ಹೆಸರಿನ ಕೆಳಗೆ ಗುಂಪುಗಟ್ಟಿದ್ದರೆ ದೋಷ ಮಿತಿಯಲ್ಲಿಲ್ಲ, ನೀವು ಕಟ್ಟುವ ಸನ್ನಿವೇಶದಲ್ಲಿದೆ. ಆಗ ಹಳೆಯ ಅಂಕಿಗಳಿಗೇ ಮರಳಿ, ಮುಂದಿನ ಕೋಟೆಗೆ ಎರಡು ಬಾಗಿಲು ಇಡಿ, ಎರಡನ್ನೂ ಒಂದೇ ಹೊತ್ತಿಗೆ ತೆರೆಯಬೇಕಾಗುವ ಹಾಗೆ.